ಮುಂಜಾನೆಯ ಬಂದೋಬಸ್ತು

ಮನೆಯ ಗಡಿಬಿಡಿಯನ್ನು ಶಿಸ್ತಿಗೆ ತರಬಲ್ಲೆ ಎಂದು ನಂಬಿರುವ ಗಂಡಸರು ಲೋಕದಲ್ಲಿ ಬಹಳ ಜನ. ಅವರಲ್ಲಿ ಹೆಚ್ಚಿನವರು ಕಚೇರಿಯಲ್ಲಿ ಕೂತು ಕೆಲಸ ಮಾಡುವವರು. ಕಾಗದಪತ್ರ ಇಟ್ಟ ಕಡೆ ಇರುತ್ತವೆ, ಮನುಷ್ಯರೂ ಹಾಗೇ ಇರುತ್ತಾರೆಂಬ ಭ್ರಮೆ ಅವರಿಗೆ. ನಾನೂ ಅದೇ ಪೈಕಿ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಒಂದೆರಡು ವರ್ಷವಾಗಿತ್ತು. ನಾನು ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ನಿಜಾಮರ ಕಾಲದಲ್ಲಿ ಸೇರಿದವನು, ಓದಿದ್ದೂ ಬರೆದದ್ದೂ ಉರ್ದು. ಮನೆಯಲ್ಲಿ ಆಡುವ ಮಾತು ಕನ್ನಡವಾದರೂ ಅದರ ಒಂದಕ್ಷರ ಬರೆಯಲು ಬಾರದು. ನನ್ನ ಹೆಂಡತಿ ನೀಲಮ್ಮನದು ಇದಕ್ಕೆ ಉಲ್ಟಾ. ಮಗಳು ಬಸವಣ್ಣನವರ ವಚನ ಓದಲಿ ಎಂದು ಭಾಲ್ಕಿಯಲ್ಲಿ ಆಕೆಯ ತಂದೆ ಮನೆಯಲ್ಲೇ ಕನ್ನಡ ಕಲಿಸಿದ್ದರು. ಈ ವಿದ್ಯೆ ಯಾವ ಕಚೇರಿಯಲ್ಲಿ ನಡೆಯುತ್ತದೆ ಎಂದು ನಾನು ನಕ್ಕದ್ದುಂಟು. ಈಗ ನೋಡಿದರೆ ಎಲ್ಲ ಕಡೆ ಕನ್ನಡ ಸಾಲೆಗಳು ತೆರೆಯುತ್ತಿವೆ, ಕಲಿಸುವವರೇ ಸಿಗುತ್ತಿಲ್ಲ. ಹೀಗಾಗಿ ಹೆಣ್ಣುಮಕ್ಕಳ ಸಾಲೆಯವರು ಮನೆ ಹುಡುಕಿಕೊಂಡು ಬಂದು ನೀಲಮ್ಮನನ್ನು ಕರೆದರು.

ಆಕೆ ಹೋಗಬೇಕೋ ಬೇಡವೋ ಎಂಬ ಮಾತು ಬಂದಾಗ ನಾನು ಮಾವನವರೆದುರು ಎದೆ ಉಬ್ಬಿಸಿ ಹೇಳಿದೆ, "ಆಕಿ ಹೋಗ್ಲಿ ಬಿಡ್ರಿ. ಮುಂಜಾನಿ ಬಂದೋಬಸ್ತ್ ನಾ ನೋಡ್ಕೋತೇನಿ." ಅಷ್ಟು ಹೊತ್ತಿಗೆ ನನಗೆ ಮುಂಜಾನೆ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂಬುದೂ ಸರಿಯಾಗಿ ತಿಳಿದಿರಲಿಲ್ಲ.

ತಿಳಿಯಲು ಒಂದೇ ವಾರ ಸಾಕಾಯಿತು. ಬಾವಿಯಿಂದ ನೀರು ಬರುವ ಮೊದಲೇ ಅವ್ವನಿಗೆ ಸ್ನಾನವಾಗಬೇಕು, ಲಿಂಗಪೂಜೆಯಾಗುವ ತನಕ ಆಕೆ ಮಾತಾಡುವುದಿಲ್ಲ, ಆಕೆ ಮಾತಾಡದೆ ಹಿಟ್ಟಿನ ಡಬ್ಬಿ ಎಲ್ಲಿದೆ ಎಂದು ನನಗೆ ಗೊತ್ತಾಗುವುದಿಲ್ಲ. ನೀಲಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಪಾಠ ನೆನಪು ಮಾಡಿಕೊಳ್ಳುವಳು. ಏಳು ವರ್ಷದ ಮಗಳು ಕಸ್ತೂರಿ ಬಿಚ್ಚುಗೂದಲಲ್ಲಿ ನಿಂತು ಹೆರಳು ಹಾಕುವವರಿಗಾಗಿ ಅಳುವಳು. ಇದರ ಮೇಲೆ ಸರ್ಕಾರ ನನ್ನನ್ನು ಕೇಳದೆಯೇ ಶುಕ್ರವಾರದ ರಜೆಯನ್ನು ಭಾನುವಾರಕ್ಕೆ ಹಾಕಿತ್ತು. ಹಳೆಯ ರೂಢಿ ಬಿಡಬೇಕಲ್ಲ. ಒಂದು ಶುಕ್ರವಾರ ನಾನು ಎಣ್ಣೆ ಹಚ್ಚಿಕೊಂಡು ಅಂಗಳದಲ್ಲಿ ಕೂತಿದ್ದಾಗ ಚಪರಾಸಿ ಬಾಗಿಲಿಗೆ ಬಂದು, ಸಾಹೇಬರು ಕೇಳುತ್ತಿದ್ದಾರೆ ಎಂದ. ಎಣ್ಣೆ ಇಳಿಯುವ ತಲೆಯ ಮೇಲೆ ಟೋಪಿ ಇಟ್ಟು ಓಡಿದೆ. ಅವತ್ತು ನಾನು ಮುಟ್ಟಿದ ಕಾಗದಗಳೆಲ್ಲ ಈಗಲೂ ದಫ್ತರದಲ್ಲಿ ಹೊಳೆಯುತ್ತಿರಬೇಕು.

ಅಂದೇ ಪಣ ತೊಟ್ಟೆ. ದೊಡ್ಡ ಹಾಳೆಯೊಂದರ ಮೇಲೆ ಯಾರು ಎಷ್ಟು ಗಂಟೆಗೆ ಏನು ಮಾಡಬೇಕೆಂದು ಚೆಂದದ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಎಲ್ಲರೂ ಬಂದು ನೋಡಿದರು. ಬರೆದದ್ದು ಉರ್ದುವಿನಲ್ಲಿ, ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ಹೀಗಾಗಿ ದಿನಾ ನಸುಕಿನಲ್ಲಿ ಎದ್ದು ಡಂಗುರ ಸಾರುವವನಂತೆ ಗಟ್ಟಿಯಾಗಿ ಓದಿ ಹೇಳತೊಡಗಿದೆ. ಐದನೆಯ ದಿನ ಅವ್ವ ಪೂಜೆ ಮುಗಿಸಿ ಬಂದು, ನಿಜಾಮನ ಫರ್ಮಾನು ಹೋಯಿತೆಂದು ಊರೆಲ್ಲ ಹೇಳುತ್ತಿದೆ, ನಮ್ಮ ಮನೆಯಲ್ಲಿ ಮಾತ್ರ ಯಾಕೆ ಉಳಿದಿದೆ ಎಂದು ಕೇಳಿದಳು.

ಇಷ್ಟರಲ್ಲಿ ಕಚೇರಿಯಿಂದ ನಿಜವಾದ ಹುಕುಂ ಬಂತು. ನಮ್ಮಂಥ ಗುಮಾಸ್ತರು ಆರು ತಿಂಗಳೊಳಗೆ ಕನ್ನಡ ಕಲಿತು ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ನೌಕರಿಯ ಆಸೆ ಬಿಡಬೇಕು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು, ಈ ವಯಸ್ಸಿನಲ್ಲಿ ನನ್ನಿಂದಾಗದು ಎಂದು ಕಲಮು, ಮಸಿಯ ದೌತಿ ಚೀಲದಲ್ಲಿ ಹಾಕಿಕೊಂಡು ತಮ್ಮ ಊರು ಮನ್ನಳ್ಳಿಗೆ ಹೊರಟುಹೋದರು. ಅವರ ಖಾಲಿ ಜಾಗ ನೋಡಿ ನಾನು ಆರು ತಿಂಗಳನ್ನು ಬೆರಳಲ್ಲಿ ಎಣಿಸಿದೆ. ಮನೆಗೆ ಬಂದು ನೀಲಮ್ಮನಿಗೆ ಹೇಳಿದೆ. ಆಕೆ ರೊಟ್ಟಿ ತಿರುವಿ ಹಾಕುತ್ತ, ತಲೆ ಎತ್ತದೆ ಹೇಳಿದಳು.

"ನಾ ಕಲಿಸ್ತೇನ್ರಿ. ಆದ್ರ ಮುಂಜಾನಿ ಒಲಿ ಮುಂದ ಕೂಡ್ಬೇಕು. ನಂಗ ಬ್ಯಾರೆ ಹೊತ್ತಿಲ್ಲ."

ಗೋಡೆಯ ಹಾಳೆ ಅವತ್ತೇ ಒಲೆಯ ಪಾಲಾಯಿತು. ಮರುದಿನದಿಂದ ನಾನು ಪಾಟಿ ಹಿಡಿದು ಒಲೆಯ ಮುಂದೆ ಕೂತೆ. ಕೈಗೆ ಉರ್ದುವಿನ ಚಟ, ಬಳಪ ತಾನಾಗಿ ಬಲಗಡೆಯಿಂದ ಹೊರಡುತ್ತಿತ್ತು. 'ಕಮಲ' ಬರೆದರೆ 'ಲಮಕ' ಆಗುತ್ತಿತ್ತು. ನೀಲಮ್ಮನ ಕೈ ಹಿಟ್ಟಿನಲ್ಲಿರುತ್ತಿದ್ದುದರಿಂದ ತಿದ್ದುವ ಅಧಿಕಾರ, ತಾಯಿಯಿಂದ ಮೊದಲೇ ಅಕ್ಷರ ಕಲಿತಿದ್ದ ಕಸ್ತೂರಿಗೆ ಹೋಯಿತು. ಆಕೆ ನನ್ನ ಮುಂದೆ ಬೆನ್ನು ಹಾಕಿ ಕೂರುವಳು, ನಾನು ಹೆರಳು ಹಾಕುತ್ತ ಕಾಗುಣಿತ ಹೇಳುವೆನು. ತಪ್ಪಿದರೆ ಹಿಂದೆ ತಿರುಗದೆಯೇ ಮೊಣಕಾಲಿಗೆ ಏಟು. ನನ್ನ ಮೋರೆ ಸಣ್ಣಗಾದದ್ದು ನೋಡಿ ಅವ್ವ ಸಮಾಧಾನ ಹೇಳಿದಳು, "ಈಗ ಮಗಳ ಕಡಿಂದ ಬಡಿಸ್ಕೋ ತಮ್ಮಾ. ನೌಕರಿ ಹೋದ್ರ ಊರ ಮಂದಿ ಬಡೀತಾರ." ಒತ್ತಕ್ಷರದ ಹೊತ್ತಿಗೆ ನಾನು ಎರಡು ಹೆರಳು ಹಾಕುವಷ್ಟು ಮುಂದುವರಿದಿದ್ದೆ. ನೀರು ಸೇದುವುದನ್ನೂ ನಾನೇ ವಹಿಸಿಕೊಂಡೆ, ಪ್ರತಿ ಕೊಡಕ್ಕೆ ಒಂದು ಶಬ್ದ ಬಾಯಿಪಾಠ. ಬಾವಿಕಟ್ಟೆಯ ಹೆಂಗಸರು ನನಗೆ ಏನೋ ಹಿಡಿದಿದೆ ಎಂದುಕೊಂಡರು. ಅನ್ನಲಿ. ಆರು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ.

ಪರೀಕ್ಷೆಯಲ್ಲಿ ಒಂದೇ ದೊಡ್ಡ ಪ್ರಶ್ನೆ, ರಜೆ ಕೇಳಿ ಮೇಲಧಿಕಾರಿಗೆ ಅರ್ಜಿ ಬರೆಯಿರಿ. ಉಳಿದವರೆಲ್ಲ ಜ್ವರವೆಂದು ಎರಡು ಸಾಲು ಬರೆದರಂತೆ. ನಾನು ಎರಡು ಪುಟ ಬರೆದೆ. ಹೆಂಡತಿಯ ಸಾಲೆ, ಮಗಳ ಹೆರಳು, ಅವ್ವನ ಪೂಜೆ, ಮೂವತ್ತು ಕೊಡ ನೀರು, ಇವುಗಳ ನಡುವೆ ಮನುಷ್ಯನಿಗೆ ಒಂದು ದಿನ ಸುಮ್ಮನೆ ಕೂರುವ ಹಕ್ಕಿಲ್ಲವೇ ಎಂದು ನಾವು ಆಡುವ ಕನ್ನಡದಲ್ಲೇ ತೋಡಿಕೊಂಡೆ. ಪರೀಕ್ಷಕರು ನನ್ನೆದುರೇ ಓದುತ್ತ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಕ್ಕರೋ ಅತ್ತರೋ ನನಗೆ ತಿಳಿಯಲಿಲ್ಲ. ತಪ್ಪು ಬಹಳ ಇವೆ, ಆದರೆ ಇದಕ್ಕೆ ರಜೆ ಕೊಡದಿದ್ದರೆ ಪಾಪ ಬರುತ್ತದೆ ಎಂದು ಹೇಳಿ ಪಾಸು ಮಾಡಿದರು.

ಮನೆಯಲ್ಲಿ ಹೋಳಿಗೆಯಾಯಿತು. ಹೋಳಿಗೆಯ ರುಚಿ ನಾಲಗೆಯ ಮೇಲಿರುವಾಗಲೇ ಸಾಹೇಬರು ಕರೆದು ಬೆನ್ನು ತಟ್ಟಿ, ಕನ್ನಡ ಬಲ್ಲ ಗುಮಾಸ್ತರು ಔರಾದಿನಲ್ಲಿ ಯಾರೂ ಇಲ್ಲ, ನಿಮ್ಮನ್ನೇ ಕಳಿಸುತ್ತಿದ್ದೇವೆ ಎಂದರು. ನೀಲಮ್ಮನ ಸಾಲೆ ಬಿಡಿಸುವ ಮಾತೇ ಇರಲಿಲ್ಲ, ನಾನೊಬ್ಬನೇ ಹೊರಟೆ. ನಾನಿಲ್ಲದೆ ಆರು ತಿಂಗಳ ಕಷ್ಟದಿಂದ ಕಟ್ಟಿದ ಮುಂಜಾನೆ ಕುಸಿದು ಬೀಳುತ್ತದಲ್ಲ ಎಂದು ಜನವಾಡ ದಾಟುವ ತನಕ ಬಸ್ಸಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದೆ.

ಹದಿನೈದು ದಿನಕ್ಕೆ ನೀಲಮ್ಮನ ಪತ್ರ ಬಂತು. ಮದುವೆಯಾಗಿ ಹತ್ತು ವರ್ಷದಲ್ಲಿ ಆಕೆ ನನಗೆ ಬರೆದ ಮೊದಲ ಕಾಗದ. ಓದಬಲ್ಲ ಗಂಡ ಆಗ ತಾನೆ ತಯಾರಾಗಿದ್ದ. ಔರಾದಿನ ಕಚೇರಿಯ ಬೇವಿನ ಮರದ ಕೆಳಗೆ ಕೂತು, ಅಕ್ಷರ ಅಕ್ಷರ ಕೂಡಿಸಿ ಓದಿದೆ. ಎಲ್ಲರೂ ಕ್ಷೇಮ. ಕಸ್ತೂರಿ ತನ್ನ ಹೆರಳು ತಾನೇ ಹಾಕಿಕೊಳ್ಳುತ್ತಾಳೆ. ನೀರು ಸೂರ್ಯ ಹುಟ್ಟುವುದರೊಳಗೆ ತುಂಬಿರುತ್ತದೆ. ಅತ್ತೆಯವರು ಈಗ ಪೂಜೆ ಮುಗಿಸಿ ಹಾಡು ಹೇಳುತ್ತಾರೆ. ನೀವು ಹೋದಂದಿನಿಂದ ಮುಂಜಾನೆ ಒಂದಿಷ್ಟೂ ಗಡಿಬಿಡಿಯಿಲ್ಲ, ನೀವು ಚಿಂತೆ ಮಾಡಬೇಡಿರಿ.

ಅರ್ಥ ತಪ್ಪಾಗಿ ತಿಳಿದಿರಬಹುದೆಂದು ಎರಡನೆಯ ಸಲ ಓದಿದೆ. ಸರಿಯಾಗಿಯೇ ತಿಳಿದಿದ್ದೆ. ಮೂರನೆಯ ಸಲ, ಹಟ ಹಿಡಿದು, ಕೈಯಲ್ಲಿ ಕೆಂಪು ಪೆನ್ಸಿಲು ಹಿಡಿದು ಓದಿದೆ. ಕಾಗುಣಿತದ ತಪ್ಪು ಒಂದೂ ಸಿಗಲಿಲ್ಲ.