ನೆಟ್‌ವರ್ಕಿಗೆ ಪಂಚಾಂಗ ಕಲಿಸಿದ್ದು

ದಿನಕ್ಕೆ ನಾನೂರು ಊಟ. ಗೋರೆಗಾಂವ್‌ನ ಒಂದು ದೊಡ್ಡ ಆಫೀಸಿನ ಗುತ್ತಿಗೆ. ಷರತ್ತು ಒಂದೇ: ಅವರ ಆರ್ಡರುಗಳು ಅವರ ಕಂಪ್ಯೂಟರಿನಿಂದ ನೇರ ನನ್ನ ಕಾಂದಿವಲಿ ಹೋಟೆಲಿನ ಅಡುಗೆಮನೆಗೆ ಬರುತ್ತವೆ, ಆದ್ದರಿಂದ ನನ್ನ ನೆಟ್‌ವರ್ಕು ಭದ್ರವೂ ಬುದ್ಧಿವಂತವೂ ಆಗಿರಬೇಕು. ಹಿಟ್ಟು ಹುಳಿ ಬಂದು ಗುತ್ತಿಗೆ ಕಳೆದುಕೊಂಡವರನ್ನು ಗ್ರಾಂಟ್ ರೋಡ್‌ನ ದಿನಗಳಿಂದ ನೋಡಿದ್ದೇನೆ. ವೈಫೈ ಸರಿಯಿಲ್ಲದೆ ಸಾಂಬಾರು ಮಾರಾಟವಾಗದ ಕಾಲ ಬಂದದ್ದು ಈಗ. ಹೋಟೆಲ್ ಧಂದೆಯಲ್ಲಿ ಬೆಳಿಗ್ಗೆ ಶಟರ್ ಎತ್ತಿದರೆ ಇಂಥ ಒಂದು ತಾಪತ್ರಯ ಒಳಗೆ ಬಂದು ಕೂತೇ ಇರುತ್ತದೆ.

೧. ಗೋಡೆ ಬರಹ

ಕೆಲಸಕ್ಕೆ ಧಾರವಾಡದ ಕಡೆಯ ಒಬ್ಬ ಹುಡುಗಿಯನ್ನು ಕರೆಸಿದೆ, ಇಂಜಿನಿಯರ್. ಬಂದವಳೇ ಮೆನು ಬೋರ್ಡಿನ ಕೆಳಗೆ ದೊಡ್ಡಕ್ಷರದಲ್ಲಿ ಬರೆಸಿದ್ದ ವೈಫೈ ಪಾಸ್‌ವರ್ಡ್ ನೋಡಿದಳು.

“ಕಾಕಾ, ಗಲ್ಲಾದ ಕಂಪ್ಯೂಟರಿಗೂ ಇದೇ ಏನ್ರೀ?”

“ಹೌದು. ಕ್ಯಾಮೆರಾಕ್ಕೂ, ಅಡುಗೆಮನೆಯ ಪ್ರಿಂಟರಿಗೂ ಇದೇ. ಮರೆತು ಹೋಗಬಾರದಲ್ಲ?”

“ಇದು ನೆಟ್‌ವರ್ಕ್ ಅಲ್ಲರೀ, ಧರ್ಮಶಾಲಾ ಐತಿ.”

ಆಮೇಲೆ ವಿವರಿಸಿದಳು. ಹಿಂದೆ ವೈಫೈ ಡಬ್ಬಿ ತಯಾರಿಸಿದ ಕಂಪನಿ ಹೇಳಿದಷ್ಟನ್ನೇ ಡಬ್ಬಿ ಮಾಡುತ್ತಿತ್ತು. ಈಗ ಯಾರು ಯಾರ ಜೊತೆ ಮಾತಾಡಬೇಕೆಂಬ ನಿಯಮವನ್ನು ನಾವೇ ಒಂದು ಕಡೆ ಕೂತು ಬರೆಯಬಹುದು. ಎಲ್ಲ ಡಬ್ಬಿಗಳೂ ಕೇಳುತ್ತವೆ. ಮೂವತ್ತು ವರ್ಷ ಮ್ಯಾನೇಜರುಗಳಿಗೆ ಪಗಾರ ಕೊಟ್ಟವನು ನಾನು. ಹೇಳಿದ್ದನ್ನು ಕೇಳುವವರು ಮಾರಾಟಕ್ಕೆ ಸಿಗುತ್ತಾರೆಂದು ಮೊದಲ ಸಲ ಗೊತ್ತಾಯಿತು.

೨. ಬೇಳೆ ಬೇಯಲಿಲ್ಲ

ನಿಯಮ ಬರೆಯುವ ಹುಮ್ಮಸ್ಸಿನಲ್ಲಿ ನನ್ನದೂ ಒಂದು ಸೇರಿಸಿದೆ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಕೆಲಸದವರ ಫೋನಿಗೆ ವಿಡಿಯೋ ಬಂದ್. ಮರುದಿನ ಸಾಂಬಾರಿನಲ್ಲಿ ಬೇಳೆ ಹರಳು ಹರಳಾಗಿತ್ತು. ಮುಖ್ಯ ಅಡುಗೆಯವರು ಉಡುಪಿ ಕಡೆಯ ಭಟ್ಟರು. ಕೇಳಿದೆ.

“ನಾನೆಂತ ಮಾಡಲಿ ಧನಿಗಳೇ? ಬೇಳೆಗೆ ಒಂದು ಸಹಸ್ರನಾಮ, ಪಲ್ಯಕ್ಕೆ ಅರ್ಧ. ಇಪ್ಪತ್ತು ವರ್ಷದಿಂದ ಅದೇ ಲೆಕ್ಕ, ಆಗ ಕ್ಯಾಸೆಟ್ಟು, ಈಗ ಫೋನಿನ ವಿಡಿಯೋ. ನಿಮ್ಮ ಡಬ್ಬಿ ನಡುವಲ್ಲೇ ನಿಲ್ಲಿಸಿಬಿಟ್ಟಿತು.”

“ಗಡಿಯಾರ ಇಲ್ಲವಾ ಗೋಡೆ ಮೇಲೆ?”

“ಗಡಿಯಾರಕ್ಕೆ ಬೇಳೆ ಬೇಯಿಸಿ ಗೊತ್ತುಂಟಾ?”

ಇಂಜಿನಿಯರ್ ಒಂದು ಫೋನಿಗೆ, ಒಂದೇ ಸಹಸ್ರನಾಮಕ್ಕೆ, ಬೇರೆ ನಿಯಮ ಬರೆದಳು. “ಬ್ಯಾಂಕಿಗೂ ಇಷ್ಟು ಸೂಕ್ಷ್ಮ ನಿಯಮ ಬರದಿಲ್ಲರೀ ನಾನು,” ಅಂದಳು.

೩. ಅಂಗಾರಕಿ

ಕೊನೆಗೆ ನೆಟ್‌ವರ್ಕಿಗೇ ಬುದ್ಧಿ ಕಲಿಸಿದಳು. ಮೂರು ವಾರ ನೆಟ್‌ವರ್ಕು ನಮ್ಮ ವ್ಯಾಪಾರ ನೋಡಿ ರೂಢಿ ಯಾವುದೆಂದು ತಿಳಿದುಕೊಂಡಿತು. ರೂಢಿ ತಪ್ಪಿ ಏನಾದರೂ ನುಗ್ಗಿದರೆ ತಾನೇ ಬಾಗಿಲು ಹಾಕುತ್ತದೆ.

ಗುತ್ತಿಗೆಗೆ ಸಹಿ ಹಾಕುವ ಮೊದಲು ಆಫೀಸಿನವರು ಇಟ್ಟ ಪರೀಕ್ಷೆ ಮಂಗಳವಾರ ಬಿತ್ತು. ಹನ್ನೊಂದಕ್ಕೆ ಆರ್ಡರು ಶುರುವಾಯಿತು, ಹತ್ತು ನಿಮಿಷದಲ್ಲಿ ನೂರು ಚೀಟಿ. ಆಮೇಲೆ ಪ್ರಿಂಟರ್ ಸುಮ್ಮನಾಯಿತು. ಇಂಜಿನಿಯರಿಗೆ ಫೋನು ಮಾಡಿದೆ.

“ಕಾಕಾ, ಒಂದೇ ಕಡೆಯಿಂದ ಒಂದೇ ಐಟಂ ನೂರು ಸಲ ಬಂದೈತಿ. ಯಾರೋ ದಾಳಿ ಮಾಡ್ಯಾರಂತ ಬಂದ್ ಮಾಡೈತಿ. ತಡೀರಿ, ನಾನ ಬರ್ತೀನಿ.”

ಅವಳು ಲೋಕಲ್ ಹಿಡಿದು ಬರುವಷ್ಟರಲ್ಲಿ ಊಟದ ಹೊತ್ತು ಮುಗಿಯುತ್ತಿತ್ತು, ಗುತ್ತಿಗೆಯೂ. ಭಟ್ಟರು ಚೀಟಿಗಳನ್ನು ನೋಡಿದರು. ಎಲ್ಲ ಸಾಬೂದಾನಿ ಖಿಚಡಿ.

“ಎಂತ ದಾಳಿ? ಇವತ್ತು ಅಂಗಾರಕ ಸಂಕಷ್ಟಿ ಮಾರಾಯ್ರೆ. ಊರಿಗೆ ಊರೇ ಉಪವಾಸ, ಉಪವಾಸಕ್ಕೆ ಇಲ್ಲಿ ಇದೇ ಖಿಚಡಿ. ನಾನೂರಕ್ಕಾಗುವಷ್ಟು ನಿನ್ನೆಯೇ ನೆನೆಹಾಕಿದ್ದೇನೆ.”

“ಉಪವಾಸ ಇಲ್ಲದವರು?”

“ಅವರೇ ಎರಡೆರಡು ಪ್ಲೇಟ್ ಕೇಳೋದು.”

ನಾನೂರು ಖಿಚಡಿ ಹೊತ್ತಿಗೆ ಸರಿಯಾಗಿ ಹೋಯಿತು.

ಸಂಜೆ ಆಫೀಸಿನ ಸಾಹೇಬರು, ಅವರೂ ಉಪವಾಸದವರು, ಕೈಯಲ್ಲಿ ಗುತ್ತಿಗೆಯ ಕಾಗದ ಹಿಡಿದು ಬಂದರು. “ನೂರನೇ ಆರ್ಡರಿಗೇ ನಿಮ್ಮ ಲೈನ್ ಬಂದ್. ಉಳಿದ ಮುನ್ನೂರು ನಿಮಗೆ ಹೇಗೆ ಗೊತ್ತಾಯಿತು?”

“ಬುದ್ಧಿವಂತ ನೆಟ್‌ವರ್ಕು ಅಂತ ನೀವೇ ಬರೆಸಿಕೊಂಡಿದ್ದೀರಲ್ಲ ಸಾಹೇಬ್ರೆ,” ಅಂದೆ.

“ಎಲ್ಲಿದೆ, ತೋರಿಸಿ.”

ಭಟ್ಟರನ್ನು ಕರೆದೆ. ಸೌಟು ಹಿಡಿದೇ ಬಂದರು. ಸಾಹೇಬರು ನಕ್ಕು ಸಹಿ ಮಾಡಿದರು. ಅನುಮಾನ ಬಂದಾಗ ಬಾಗಿಲು ಹಾಕುವ ಯಂತ್ರವೂ ಬೇಕು, ಬಂದವರು ಯಾರೆಂದು ತಿಳಿದವರೂ ಬೇಕು ಎಂದರು. ನನಗೂ ಅದೇ ಅನ್ನಿಸಿತ್ತು. ಯಂತ್ರಕ್ಕೆ ‘ಎಷ್ಟು’ ಎಂಬುದು ತಿಳಿದಿತ್ತು, ‘ಯಾಕೆ’ ಎಂಬುದನ್ನು ನಾವು ಹೇಳಿಕೊಟ್ಟಿರಲಿಲ್ಲ. ಈಗ ಇಂಜಿನಿಯರ್ ತಿಂಗಳಿಗೊಮ್ಮೆ ಭಟ್ಟರಿಗೆ ಫೋನು ಮಾಡಿ ಏಕಾದಶಿ, ಸಂಕಷ್ಟಿ ಬರೆದುಕೊಂಡು ನೆಟ್‌ವರ್ಕಿಗೆ ಹಾಕುತ್ತಾಳೆ.

ಒಟ್ಟು ಲೆಕ್ಕ: ನನಗೆ ದಿನಕ್ಕೆ ನಾನೂರು ಊಟ ಸಿಕ್ಕಿತು, ನೆಟ್‌ವರ್ಕಿಗೆ ಪಂಚಾಂಗ ಸಿಕ್ಕಿತು, ಇಂಜಿನಿಯರಿಗೆ ಒಬ್ಬರು ಗುರು ಸಿಕ್ಕರು. ಬೇಳೆ ಬೇಯುವ ಮೊದಲು ಮಾತ್ರ ಗುರುಗಳು ಫೋನಿಗೆ ಸಿಗುವುದಿಲ್ಲ.