ಮುಟ್ಟಿದರೆ ಮಾತಾಡುವ ಗ್ರಾಫ್

ಗೆರೆರಾಯರ ಹೊಟ್ಟೆಗೆ ಕಿಚ್ಚು ಬಿದ್ದದ್ದು ಬೆಳಿಗ್ಗೆ ಹತ್ತೂಕಾಲಿಗೆ, ಪಕ್ಕದ ಮೇಜಿನ ಹುಡುಗಿಯ ಪರದೆಯ ಮೇಲಿನ ಗ್ರಾಫನ್ನು ದೊಡ್ಡ ಡಾಕ್ಟರು ಬೆರಳಿನಿಂದ ಮುಟ್ಟಿದಾಗ.

ಮುಟ್ಟಿದ ಕಂಬ ಥಟ್ಟನೆ ಹಳದಿಯಾಗಿ, "ಸೋಮವಾರ: ೪೨ ನಿಮಿಷ" ಎಂದು ಅಕ್ಷರ ಮೂಡಿತು. ತುರ್ತು ವಿಭಾಗದಲ್ಲಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆ ಎಂದು ತೋರಿಸುವ ಗ್ರಾಫ್ ಅದು.

"ಅಬ್ಬಾ, ಮುಟ್ಟಿದ್ರೆ ಮಾತಾಡುತ್ತಲ್ಲಮ್ಮಾ!" ಎಂದರು ಡಾಕ್ಟರು.

ರಾಯರು ಆ ಆಸ್ಪತ್ರೆಯಲ್ಲಿ ಹದಿನೆಂಟು ವರ್ಷ ಗ್ರಾಫಿನ ಗೆರೆ ಎಳೆದೇ ಅಡ್ಡಹೆಸರು ಗಳಿಸಿದವರು. ಅವಳು ಬಂದು ಎಂಟು ತಿಂಗಳು. ಆ ದಿನ ಮೂರು ಗಂಟೆಗೆ ಆಡಳಿತ ಮಂಡಳಿ ಇಬ್ಬರ ಕೆಲಸವನ್ನೂ ನೋಡಿ ಅಂಕಿಅಂಶ ವಿಭಾಗದ ಮುಖ್ಯಸ್ಥರನ್ನು ಆರಿಸುವುದಿತ್ತು.

ರಾಯರೂ ತಮ್ಮ ಜೆಪಿಜಿ ಚಿತ್ರ ತೋರಿಸಿದರು. ಡಾಕ್ಟರು ಹಿಗ್ಗಿಸಿ ನೋಡಿದರೆ ಅಕ್ಷರಗಳು ನೀರಲ್ಲಿ ಬಿದ್ದ ಬಿಸ್ಕತ್ತಿನಂತೆ ಹರಡಿಕೊಂಡವು.

"ಕೆಟ್ಟಿರೋದು ನನ್ನ ಕನ್ನಡಕಾನೋ, ನಿಮ್ಮ ಗ್ರಾಫೋ?" ಎಂದು ಹೊರಟೇಬಿಟ್ಟರು.

ಮೂಗು ತೂರಿಸಲು ಔಷಧಿ ಸ್ಟೋರಿನ ಗುಮಾಸ್ತ ಹಾಜರಾದ. "ರಾಯ್ರೇ, ಜೆಪಿಜಿ ಫೋಟೋಗೆ ಸರಿ. ಗೆರೆಗೆ ಎಸ್‌ವಿಜಿ ಮಾಡಿ. ಗೋಡೆಯಷ್ಟು ಹಿಗ್ಗಿಸಿದ್ರೂ ಒಡೆಯಲ್ಲ."

ರಾಯರು ಹಾಗೇ ಮಾಡಿ ಡಾಕ್ಟರಿಗೆ ಕಳಿಸಿದರು. ಐದೇ ನಿಮಿಷಕ್ಕೆ ಡಾಕ್ಟರ ಫೋನು. "ಏನ್ರೀ ಇದು, ತೆರೆದ್ರೆ ಪುಟಗಟ್ಟಲೆ ಕೋಡು! ನನಗೇನಾದ್ರೂ ಬೈದು ಬರೆದಿದ್ದೀರಾ?"

ರಾಯರು ಕುದಿಯುತ್ತಿದ್ದಾಗಲೇ ಆ ಹುಡುಗಿ ಬಂದಳು. "ಸರ್, ಅಮ್ಮನ್ನ ಕಣ್ಣಿನ ಪರೀಕ್ಷೆಗೆ ಕರ್ಕೊಂಡು ಹೋಗ್ಬೇಕು. ಸಭೆ ಹೊತ್ತಿಗೆ ಬಂದ್ಬಿಡ್ತೀನಿ. ನನ್ನ ಫೈಲನ್ನ ಸದಸ್ಯರಿಗೆಲ್ಲ ಮೇಲ್ ಮಾಡ್ತೀರಾ? ನಿಮ್ಮನ್ನ ಬಿಟ್ಟು ಇನ್ಯಾರನ್ನ ನಂಬ್ಲಿ?"

"ಹೋಗ್ಬಾಮ್ಮಾ, ನಾನಿಲ್ವಾ?" ಎಂದರು ರಾಯರು, ಹಾಲು ಕಂಡ ಬೆಕ್ಕಿನಂತೆ.

ಅವಳ ಎಚ್‌ಟಿಎಂಎಲ್ ಫೈಲಿನಲ್ಲೇ ಆ ಗ್ರಾಫಿನ ಜೀವವಿತ್ತು; ವೆಬ್ ಪುಟದಂತೆ ತೆರೆದರೆ ಮಾತ್ರ ಅದು ಮುಟ್ಟಿದ್ದಕ್ಕೆ ಮಾತಾಡುತ್ತಿತ್ತು. ರಾಯರು ಅದನ್ನು ಪಿಡಿಎಫ್ ಮಾಡಿದರು. ಕುಣಿಯುತ್ತಿದ್ದ ಕಂಬಗಳು ಗೋಡೆಗೆ ಅಂಟಿದ ಹಲ್ಲಿಗಳಂತೆ ನಿಂತವು. ಇನ್ನು ಮುಟ್ಟಲಿ, ತಟ್ಟಲಿ, ಮಾತಿಲ್ಲ! ಆದರೆ ಸಂಖ್ಯೆಯಿಲ್ಲದ ಕಂಬವನ್ನು ಕಳಿಸಲು ಹದಿನೆಂಟು ವರ್ಷದ ಕೈ ಒಪ್ಪಬೇಕಲ್ಲ? ಒಂದೊಂದರ ತಲೆಯ ಮೇಲೂ ಅಂದವಾಗಿ ಸಂಖ್ಯೆ ಬರೆದರು. ಆಮೇಲೆ ಅವಳ ಫೈಲಿನದೇ ಅಚ್ಚಿಗೆ ತಮ್ಮ ಅಂಕಿ ಸುರಿದು, ತಮ್ಮದನ್ನು ಎಚ್‌ಟಿಎಂಎಲ್ ಮಾಡಿ, ಎರಡನ್ನೂ ಕಳಿಸಿದರು.

ಮೂರಕ್ಕೆ ಸಭೆ. ಸದಸ್ಯರು ಮೊಬೈಲು ತೆಗೆದರು.

"ರಾಯರ ಫೈಲೇ ಬಂದಿಲ್ವಲ್ಲ?" ಎಂದರು ಅಧ್ಯಕ್ಷೆ.

"ಎಚ್‌ಟಿಎಂಎಲ್ ಕಳಿಸಿದ್ರೆ ನಮ್ಮ ಇ-ಮೇಲು ವೈರಸ್ ಅಂತ ತಡೆದುಬಿಡುತ್ತೆ ಮೇಡಂ," ಎಂದ ಕಂಪ್ಯೂಟರ್ ನೋಡಿಕೊಳ್ಳುವವನು.

ಪಿಡಿಎಫ್ ಮಾತ್ರ ಎಲ್ಲರ ಮೊಬೈಲಿನಲ್ಲೂ ಕನ್ನಡಿಯಂತೆ ತೆರೆದುಕೊಂಡಿತ್ತು. "ಆಹಾ, ಎಷ್ಟು ಅಚ್ಚುಕಟ್ಟು! ಸಂಖ್ಯೆ ಸಮೇತ! ಇವರೇ ಮುಖ್ಯಸ್ಥೆ," ಎಂದರು ಅಧ್ಯಕ್ಷೆ.

ಹುಡುಗಿ ಎದ್ದು ನಿಂತಳು. ಕಣ್ಣು ತುಂಬಿತ್ತು. "ನಾನು ಕೊಟ್ಟಿದ್ದೂ ಎಚ್‌ಟಿಎಂಎಲ್ಲೇ ಮೇಡಂ. ಅದು ತಲುಪಲ್ಲ ಅಂತ ಗೊತ್ತಾಗಿ ಸರ್ ನನ್ನದನ್ನ ಪಿಡಿಎಫ್ ಮಾಡಿ, ತಮ್ಮದನ್ನ ಹಾಗೇ ಬಿಟ್ಟಿದ್ದಾರೆ. ಒಡಹುಟ್ಟಿದ ಅಣ್ಣನೂ ಇಷ್ಟು ಮಾಡಲ್ಲ!"

ಸಭೆ ಚಪ್ಪಾಳೆ ತಟ್ಟಿತು. ರಾಯರು ಎದ್ದು ಕೈ ಮುಗಿದರು.

"ಹಾಗಿದ್ರೆ ಇವರ ಗ್ರಾಫನ್ನೆಲ್ಲ ಇನ್ಮೇಲೆ ನೀವೇ ಪಿಡಿಎಫ್ ಮಾಡ್ಕೊಡಿ ರಾಯ್ರೇ," ಎಂದರು ಅಧ್ಯಕ್ಷೆ. "ಇಷ್ಟು ಪ್ರೀತಿಯಿಂದ ಬೇರೆ ಯಾರು ಮಾಡ್ತಾರೆ?"

ಹೊರಬರುವಾಗ ಹೊಸ ಮುಖ್ಯಸ್ಥೆ ಮೆಲ್ಲಗೆ ಕೇಳಿದಳು: "ಸರ್, ಹಳೇವು ಇನ್ನೂರ ಆರು ಫೈಲಿವೆ. ಇವತ್ತೇ ಕಳಿಸ್ಲಾ?"