ಸ್ಪೀಕರ್ ಹಾಕಿ ಕೇಳಿದ ಬ್ಯಾಲೆನ್ಸು

ಮನೆಯ ಹಣಕಾಸಿನ ಆಡಳಿತವನ್ನು ಇನ್ನು ಮುಂದೆ ತಾನೇ ವಹಿಸಿಕೊಳ್ಳುವುದಾಗಿ ವೆಂಡೆಲ್ ಶನಿವಾರ ಬೆಳಗ್ಗೆ ಘೋಷಿಸಿದ. ಆಡಳಿತ ಅಂದರೆ ಮತ್ತೇನಲ್ಲ, ಸರ್ಕಾರ ಕೊಟ್ಟ ಒಂದು ಆಹಾರದ ಕಾರ್ಡು. ಕಾರ್ಖಾನೆಯಲ್ಲಿ ಅವನ ಪಾಳಿಗಳು ಅರ್ಧಕ್ಕಿಳಿದ ಮೇಲೆ ಓಹಾಯೋದ ಆ ಪುಟ್ಟ ಮನೆಯ ಊಟ ನಡೆಯುತ್ತಿದ್ದುದೇ ಅದರಿಂದ. ಮರುದಿನ ಮೊಮ್ಮಗಳು ಟೆಸ್ಸಾಳ ಹುಟ್ಟುಹಬ್ಬ. ಅಂಗಡಿಯಲ್ಲಿದ್ದ ನೇರಳೆ ಕುದುರೆಯ ಕೇಕನ್ನು ಅವಳು ಗಾಜಿಗೆ ಮೂಗೊತ್ತಿ ನೋಡಿ ಬಂದಿದ್ದಳು. ಕಾರ್ಡಿನಲ್ಲಿ ಅಷ್ಟು ದುಡ್ಡು ಉಳಿದಿದೆಯೇ ಎಂಬುದೇ ಎಲ್ಲರ ಚಿಂತೆ.

"ಒಂದು ಬಾಳೆಹಣ್ಣು ತಗೊಂಡ್ ಬರ್ತೀನಿ. ಎಷ್ಟುಳಿದಿದೆ ಅಂತ ರಸೀದಿ ಕೆಳಗೆ ಬಂದಿರುತ್ತೆ," ಎಂದಳು ಹೆಂಡತಿ ಲೊರೇನ್.

"ಬ್ಯಾಲೆನ್ಸ್ ನೋಡೋಕೆ ಬಾಳೆಹಣ್ಣಾ? ನಿನ್ನ ಇಂಥ ದುಂದುವೆಚ್ಚದಿಂದಲೇ ಕಾರ್ಡು ಬರಿದಾಗ್ತಿರೋದು. ಅದರ ಹಿಂದೆ ಫೋನ್ ನಂಬರ್ ಯಾಕೆ ಕೊಟ್ಟಿದ್ದಾರೆ, ಅಲಂಕಾರಕ್ಕಾ?"

ಫೋನನ್ನು ಅಡುಗೆಮನೆಯ ಮೇಜಿನ ನಟ್ಟನಡುವೆ ಪ್ರತಿಷ್ಠಾಪಿಸಿ, ಕಿವಿ ಮಂದವಾದ ಅತ್ತೆ ಹೇಜಲ್ ಅವರಿಗೂ ಕೇಳಲೆಂದು ಸ್ಪೀಕರ್ ಹಾಕಿದ. ಕಾರ್ಡಿನ ನಂಬರು ಒತ್ತಿದ, ಗುಟ್ಟಿನ ನಂಬರನ್ನೂ ಒತ್ತಿದ.

"ನಿಮ್ಮ ಖಾತೆಯಲ್ಲಿ ಹದಿಮೂರು ಡಾಲರ್ ಉಳಿದಿದೆ," ಎಂದಿತು ಯಂತ್ರದ ದನಿ.

ಕೇಕಿಗೆ ಇಪ್ಪತ್ತೆಂಟು. ಲೊರೇನಳ ಮುಖ ಬಾಡಿತು. ವೆಂಡೆಲ್‌ಗೂ ಅಳು ಬಂದಂತಾಯಿತು. ಆದರೆ ಹೊಸ ಆಡಳಿತಗಾರ ಕಣ್ಣೀರು ಹಾಕಿದರೆ ಹೇಗೆ? ತನಿಖೆ ನಡೆಸಬೇಕು!

"ನೋಡಿದ್ಯಾ? ದುಡ್ಡೆಲ್ಲ ಎಲ್ಲಿ ಹೋಯ್ತು ಅಂತ ಈಗ ಬಯಲಾಗುತ್ತೆ," ಎನ್ನುತ್ತ, ಇತ್ತೀಚಿನ ಖರೀದಿಗಳ ವಿವರ ಕೇಳುವ ಗುಂಡಿ ಒತ್ತಿದ.

"ಸೋಮವಾರ, ಸೂಪರ್ ಮಾರ್ಕೆಟ್, ಹನ್ನೊಂದು ಡಾಲರ್. ಬುಧವಾರ, ಪೆಟ್ರೋಲ್ ಬಂಕ್ ಅಂಗಡಿ, ನಾಲ್ಕು ಡಾಲರ್. ಗುರುವಾರ, ಪೆಟ್ರೋಲ್ ಬಂಕ್ ಅಂಗಡಿ, ನಾಲ್ಕು ಡಾಲರ್. ಶುಕ್ರವಾರ..."

ವೆಂಡೆಲ್ ಫೋನಿನ ಮೇಲೆ ಬಿದ್ದ. ಗಾಬರಿಯಲ್ಲಿ ಬಾಯಿ ಮುಚ್ಚಿಸಲು ಹೋಗಿ ದನಿಯನ್ನು ಇನ್ನಷ್ಟು ಜೋರು ಮಾಡಿದ. ಇಡೀ ಅಡುಗೆಮನೆಯಲ್ಲಿ ಪೆಟ್ರೋಲ್ ಬಂಕ್ ಮೊಳಗಿತು.

ಲೊರೇನ್ ಕೈಕಟ್ಟಿ ನಿಂತಳು. "ಬಂಕಲ್ಲಿ ಏನ್ ತಗೊಂಡೆ?"

"ಪೆಟ್ರೋಲು."

"ಈ ಕಾರ್ಡಿಗೆ ಪೆಟ್ರೋಲ್ ಹಾಕಲ್ಲ."

"ಹಾಗಾದ್ರೆ ಕಾಫಿ."

"ಬಿಸಿ ಇರೋದು ಏನನ್ನೂ ಈ ಕಾರ್ಡಿಗೆ ಕೊಡಲ್ಲ."

"ಸಿಗರೇಟ್ ಇರಬೇಕು," ಎಂದ. ಎಂದೋ ಬಿಟ್ಟ ಚಟವನ್ನಾದರೂ ಒಪ್ಪಿಕೊಂಡು ಬಚಾವಾಗೋಣವೆಂಬ ಆಸೆ.

"ಅದನ್ನೂ ಕೊಡಲ್ಲ. ಅಂದ್ರೆ ಉಳಿದಿದ್ದು ತಣ್ಣಗಿರೋ ತಿಂಡಿ. ಡಾಕ್ಟರು ಸಕ್ಕರೆ ಬಿಡು ಅಂದಾಗಿನಿಂದ ಐಸ್‌ಕ್ರೀಮ್ ಕಡೆ ತಿರುಗಿಯೂ ನೋಡಿಲ್ಲ ಅಂತಿದ್ಯಲ್ಲ?"

"ತಿರುಗಿ ನೋಡಿಲ್ಲ ಕಣೇ. ಎದುರಿಗೇ ಇತ್ತು."

"ಮತ್ತೊಮ್ಮೆ ಕೇಳಲು ಒಂಬತ್ತು ಒತ್ತಿ," ಎಂದಿತು ಯಂತ್ರ.

"ಬಂಕು ಅಂದಿದ್ದು ಕೇಳಿಸ್ತು. ಎಷ್ಟು ಸಲ ಅನ್ನೋದು ತಪ್ಪಿಹೋಯ್ತು," ಎಂದು ಅತ್ತೆ ಬೆರಳು ಚಾಚಿ ಒತ್ತಿಯೇ ಬಿಟ್ಟರು.

ಈ ಸಲ ವೆಂಡೆಲ್ ತಲೆ ತಗ್ಗಿಸಿ ಪೂರ್ತಿ ಕೇಳಿದ. ಮಗುವಿನ ಕುದುರೆಯನ್ನು ತಾನೇ ತಿಂದುಹಾಕಿದೆನಲ್ಲ ಎಂದು ನಿಜವಾಗಿಯೂ ನೊಂದುಕೊಂಡ.

ಅವನ ಮುಖ ನೋಡಿ ಲೊರೇನ್ ಮೆತ್ತಗಾದಳು. "ಹಿಟ್ಟು, ಮೊಟ್ಟೆ, ಬೆಣ್ಣೆ, ಸ್ವಲ್ಪ ನೇರಳೆ ಬಣ್ಣ. ಹದಿಮೂರಕ್ಕೆ ಬರುತ್ತೆ. ಮನೇಲೇ ಮಾಡೋಣ. ಕಲಸೋದು ಮಾತ್ರ ಆಡಳಿತಗಾರರೇ. ಚಮಚ ನೆಕ್ಕಿದ್ರೆ ನೋಡು."

ತೋಳು ಬಿದ್ದುಹೋಗುವಷ್ಟು ಕಲಸಿದ. ಮೇಲೆ ಕುದುರೆಯನ್ನೂ ಅವನೇ ಬಿಡಿಸಿದ. ನೋಡಿದವರು ಎಮ್ಮೆ ಅನ್ನಬಹುದಿತ್ತು, ಟೆಸ್ಸಾ ಮಾತ್ರ ಮರುದಿನ ನೋಡಿದ ಕೂಡಲೇ ಕುದುರೆ ಎಂದು ಕುಣಿದಳು. ವೆಂಡೆಲ್‌ಗೆ ಹೋದ ಮಾನವೆಲ್ಲ ಬಡ್ಡಿಸಮೇತ ಮರಳಿದಂತಾಯಿತು. ಮೀಸೆ ತಿರುವಿದ.

ಟೆಸ್ಸಾ ಮೊದಲ ತುತ್ತು ನುಂಗಿ, ನೇರಳೆ ಮೂಗೆತ್ತಿ ಅವನನ್ನು ನೋಡಿದಳು.

"ತಾತ, ನಾವಿಬ್ರೂ ಕಾರಲ್ಲಿ ಬಚ್ಚಿಟ್ಕೊಂಡು ತಿಂತೀವಲ್ಲ, ಆ ಐಸ್‌ಕ್ರೀಮಿಗಿಂತ ಇದೇ ಚೆನ್ನಾಗಿದೆ."

ಲೊರೇನಳ ಕೈಯಲ್ಲಿದ್ದ ಚಾಕು ಕೇಕಿನ ಮಧ್ಯೆಯೇ ನಿಂತಿತು. ಅತ್ತೆ ಕಿವಿಗೆ ಕೈಯಿಟ್ಟು ಮುಂದೆ ಬಾಗಿದರು.

"ಏನಂದೆ ಪುಟ್ಟಿ? ಇನ್ನೊಂದ್ಸಲ ಹೇಳು."